ಸುಂಕದ ಗೇಟು ಹೋದ ಮೇಲೆ: ಹುಣಸೆ ಸೀಮೆಯಲ್ಲಿ ಜಿಎಸ್‌ಟಿಯ ಎಂಟು ವರ್ಷ

ಮಧುಗಿರಿಯಲ್ಲಿ ಸರಕು ತುಂಬಿಕೊಂಡ ಲಾರಿ ಮಿಡಿಗೇಶಿ ಮಾರ್ಗವಾಗಿ ಪಾವಗಡ ಮುಟ್ಟುವಷ್ಟರಲ್ಲಿ ಎರಡು ಸಲ ರಾಜ್ಯದ ಗಡಿ ದಾಟಿರುತ್ತದೆ. ತುಮಕೂರು ಜಿಲ್ಲೆಯ ಭೂಪಟ ನೋಡಿದವರಿಗೆ ಇದು ಗೊತ್ತು. ಪಾವಗಡ ತಾಲ್ಲೂಕು ಜಿಲ್ಲೆಯ ಉಳಿದ ಭಾಗದಿಂದ ಬೇರ್ಪಟ್ಟು ನಿಂತಿದೆ. ಮೂರು ದಿಕ್ಕಿಗೆ ಆಂಧ್ರ, ಪಶ್ಚಿಮಕ್ಕೆ ಮಾತ್ರ ಚಿತ್ರದುರ್ಗ ಜಿಲ್ಲೆಯ ನಂಟು. ಮಿಡಿಗೇಶಿಗೂ ಪಾವಗಡಕ್ಕೂ ನಡುವೆ ಆಂಧ್ರದ ಮಡಕಶಿರಾ ಸೀಮೆ ಬಂದು ಕೂತಿದೆ. ಕರ್ನಾಟಕದಲ್ಲೇ ಹೊರಟು ಕರ್ನಾಟಕದಲ್ಲೇ ಇಳಿಯುವ ಸರಕು, ದಾರಿಯಲ್ಲಿ ಪರರಾಜ್ಯದ ಮಣ್ಣು ತುಳಿದರೆ ಅದು ಅಂತರರಾಜ್ಯ ವ್ಯಾಪಾರವೇ? 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆ ಈ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟಿತ್ತು. ಹೊರಟ ಊರು ಮತ್ತು ತಲುಪುವ ಊರು ಒಂದೇ ರಾಜ್ಯದಲ್ಲಿದ್ದರೆ, ನಡುವೆ ಇನ್ನೊಂದು ರಾಜ್ಯ ಹಾದುಹೋದ ಮಾತ್ರಕ್ಕೆ ಅದು ಅಂತರರಾಜ್ಯ ಸಾಗಣೆ ಆಗುವುದಿಲ್ಲ ಎಂದು ಅದರ 3ನೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ಕಾಯ್ದೆ ಬರೆದವರ ಕಣ್ಣ ಮುಂದೆ ಪಾವಗಡವೇ ಇತ್ತೇನೋ ಎನ್ನಿಸುವಷ್ಟು ಅದು ಈ ಸೀಮೆಗೆ ಒಪ್ಪುತ್ತದೆ.

ಪುಸ್ತಕದಲ್ಲಿ ಉತ್ತರವಿದ್ದ ಮಾತ್ರಕ್ಕೆ ರಸ್ತೆಯಲ್ಲಿ ಲಾರಿ ನಿಲ್ಲದೆ ಇರುತ್ತಿರಲಿಲ್ಲ. ಚೆಕ್‌ಪೋಸ್ಟ್ ಎಂಬುದು ಈ ಗಡಿ ಸೀಮೆಯ ವ್ಯಾಪಾರಿಗೆ ಒಂದು ಹವಾಮಾನವೇ ಆಗಿತ್ತು. ಬಿಲ್ಲು, ಪರ್ಮಿಟ್ಟು, ಸೀಲು, ಕಾಯುವುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆ ಹುಟ್ಟಿದ್ದೇ ಇಂಥ ಕಟ್ಟೆಗಳ ಮುಂದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಕೆಲವೇ ದಿನಗಳಲ್ಲಿ ಕರ್ನಾಟಕವೂ ಸೇರಿ 22 ರಾಜ್ಯಗಳು ತಮ್ಮ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳನ್ನು ಎತ್ತಿಬಿಟ್ಟವು. ಗೇಟು ಹೋಯಿತು. ಆದರೆ ಗೇಟಿನಲ್ಲಿ ನಡೆಯುತ್ತಿದ್ದ ವಾದ ಹೋಗಲಿಲ್ಲ. ಅದು ರಸ್ತೆ ಬಿಟ್ಟು ದರಪಟ್ಟಿಯೊಳಗೆ ಹೋಗಿ ಕೂತಿತು. ಆಮೇಲಿನ ಎಂಟು ವರ್ಷಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂಥ ಒಣ ಸೀಮೆ ಕಂಡದ್ದು ಆ ವಾದದ ಚರಿತ್ರೆಯನ್ನು.

ಕುದುರೆ ಕಳೆದುಹೋದದ್ದಕ್ಕೂ ತೆರಿಗೆ

ಪರೋಕ್ಷ ತೆರಿಗೆ ಈ ನೆಲಕ್ಕೆ ಹೊಸದೇನಲ್ಲ. 1687ರಲ್ಲಿ ಶಿರಾ ಮೊಗಲರ ಕೈಸೇರಿ, ಒಂದು ಸುಬಾದ ಆಡಳಿತ ಕೇಂದ್ರವಾಯಿತು. ಮಧುಗಿರಿ, ಮಿಡಿಗೇಶಿ, ಪಾವಗಡದ ಬೆಟ್ಟದ ಕೋಟೆಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ಪಾಳೆಯಗಾರರು, ಮೈಸೂರಿನವರು, ಮರಾಠರು, ಹೈದರಾಲಿಯ ಕಡೆಯವರು ಕಾವಲು ಕೂತರು. ಆಳುವವರು ಬದಲಾದಾಗೆಲ್ಲ ಹಳೆಯ ಸುಂಕ ಉಳಿದು, ಅದರ ಮೇಲೆ ಹೊಸದೊಂದು ಸೇರುತ್ತಿತ್ತು. ಭೂಕಂದಾಯದ ಹೊರತಾದ ಇಂಥ ವಸೂಲಿಗಳನ್ನೆಲ್ಲ ಮೈಸೂರು ಸಂಸ್ಥಾನದ ದಫ್ತರಗಳು ‘ಸಾಯಿರ್’ ಎಂಬ ಒಂದೇ ತಲೆಬರಹದಡಿ ಬರೆದುಕೊಳ್ಳುತ್ತಿದ್ದವು.

ಕಂದಾಯದ ಕಾಟವೂ ಕಾರಣವಾಗಿ 1830-31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತ ಕೈಗೆತ್ತಿಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಸಾಯಿರ್ ಪಟ್ಟಿಯನ್ನು ಜಾಲಾಡಿಸಿದಾಗ ಸಿಕ್ಕ ಬಾಬುಗಳು ಇಂದು ಓದಿದರೆ ನಗು ಬರಿಸುವಂಥವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಒಂದು ಹಳ್ಳಿಯವರಂತೂ, ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲ ಎಂಬ ಕಾರಣಕ್ಕೆ ತಲೆಮಾರುಗಟ್ಟಲೆ ತೆರಿಗೆ ಕಟ್ಟುತ್ತಿದ್ದರು ಎಂದು ಬಿ. ಎಲ್. ರೈಸ್ ತಮ್ಮ ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಕಬ್ಬನ್ ಕಾಲದಲ್ಲಿ ರದ್ದಾದ ಇಂಥ ಚಿಲ್ಲರೆ ಬಾಬುಗಳು 769.

ಜಿಎಸ್‌ಟಿ ತನ್ನೊಳಗೆ ಕರಗಿಸಿಕೊಂಡದ್ದು 17 ತೆರಿಗೆ ಮತ್ತು 13 ಸೆಸ್‌ಗಳನ್ನು. 769ರ ಮುಂದೆ ಇದು ಸಣ್ಣ ಲೆಕ್ಕ ಅನ್ನಿಸಬಹುದು. ಆದರೆ ಕಬ್ಬನ್‌ಗೆ ಯಾರನ್ನೂ ಕೇಳಬೇಕಿರಲಿಲ್ಲ. 2017ರ ಹೊತ್ತಿಗೆ ಕೇಳಬೇಕಾದವರು ಬಹಳ ಮಂದಿ ಇದ್ದರು. ರಾಜಾಜಿಯವರ ಮದರಾಸು ಸರ್ಕಾರ 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಹಾಕಿ ದಾರಿ ತೋರಿಸಿತ್ತು. ಮೈಸೂರು 1948ರಲ್ಲಿ ಅದೇ ಹಾದಿ ಹಿಡಿಯಿತು. 1957ರ ಮಾರಾಟ ತೆರಿಗೆ ಕಾಯ್ದೆ ಏಕೀಕೃತ ರಾಜ್ಯದ ಮುಖ್ಯ ಆದಾಯವಾಯಿತು. ಊರ ಬಾಗಿಲಲ್ಲಿ ವಸೂಲಾಗುತ್ತಿದ್ದ ಆಕ್ಟ್ರಾಯ್ 1979ರಲ್ಲಿ ಕೊನೆಯಾದಾಗ ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂತು. ಒಂದೊಂದನ್ನೂ ಕಿತ್ತಾಗ ಇನ್ನೊಂದನ್ನು ನೆಟ್ಟೇ ಕಿತ್ತದ್ದು. ಸಂವಿಧಾನವೇ ಕೊಟ್ಟ ಅಧಿಕಾರವಾದ್ದರಿಂದ ಯಾವ ರಾಜ್ಯವೂ ಸುಮ್ಮನೆ ಬಿಡುವಂತಿರಲಿಲ್ಲ.

ವ್ಯಾಟ್‌ನಿಂದ ನಡುರಾತ್ರಿಯವರೆಗೆ

ಮೊದಲ ದೊಡ್ಡ ತಿರುವು 2005ರ ಏಪ್ರಿಲ್ 1ರಂದು ಬಂತು. ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, ಅಂದು ಹಲವು ರಾಜ್ಯಗಳಲ್ಲಿ ಒಟ್ಟಿಗೆ ಜಾರಿಯಾಯಿತು. ಕೊಂಡಾಗ ಕಟ್ಟಿದ ತೆರಿಗೆಯನ್ನು ಮಾರುವಾಗ ಕಳೆದುಕೊಂಡು ಉಳಿದದ್ದನ್ನಷ್ಟೇ ಕಟ್ಟುವ ಪದ್ಧತಿ ಅದು. ಬಿಲ್ಲು ಇಟ್ಟವನಿಗೆ ಲಾಭ, ಇಡದವನಿಗೆ ನಷ್ಟ. ಅದಕ್ಕೇ ದೇಶದುದ್ದಕ್ಕೂ ವರ್ತಕರು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಆಗ ಕರ್ನಾಟಕದಲ್ಲಿ ಧರ್ಮಸಿಂಗ್ ಮುಖ್ಯಮಂತ್ರಿ. ಉಪಮುಖ್ಯಮಂತ್ರಿಯಾಗಿ ಹಣಕಾಸು ನೋಡಿಕೊಳ್ಳುತ್ತಿದ್ದವರು ಸಿದ್ದರಾಮಯ್ಯ. ಹನ್ನೆರಡು ವರ್ಷಗಳ ನಂತರ ಜಿಎಸ್‌ಟಿ ಬಂದಾಗ ಮುಖ್ಯಮಂತ್ರಿಯೂ ಹಣಕಾಸು ಸಚಿವರೂ ಅವರೇ. 2025ರಲ್ಲಿ ಬೀದಿ ವ್ಯಾಪಾರಿಗಳ ಕೈಗೆ ತೆರಿಗೆ ನೋಟಿಸು ಬಂದಾಗಲೂ ಆ ಕುರ್ಚಿಯಲ್ಲಿದ್ದವರು ಅವರೇ. ಕರ್ನಾಟಕದ ತೆರಿಗೆಯ ಮೂರು ತಿರುವುಗಳಲ್ಲೂ ಒಬ್ಬರೇ ಹಣಕಾಸಿನ ಕಡತ ಹಿಡಿದಿದ್ದರು.

ದೇಶಕ್ಕೆಲ್ಲ ಒಂದೇ ತೆರಿಗೆ ಎಂಬ ಮಾತು ವಾಜಪೇಯಿ ಕಾಲದಲ್ಲಿ ಸಮಿತಿಯಾಯಿತು, ಚಿದಂಬರಂ ಅವರ 2006ರ ಬಜೆಟ್ ಭಾಷಣದಲ್ಲಿ ಗಡುವಾಯಿತು. 2010ಕ್ಕೆ ಬರಬೇಕಿದ್ದದ್ದು ಬರಲಿಲ್ಲ. ರಾಜ್ಯಗಳಿಗೆ ಇದ್ದ ಭಯ ಒಂದೇ: ಆದಾಯ ಕುಸಿದರೆ ಕೊಡುವವರು ಯಾರು? ಆ ಭಯಕ್ಕೆ ಸಿಕ್ಕ ಔಷಧ ಪರಿಹಾರದ ಖಾತರಿ. 2015-16ರ ಆದಾಯವನ್ನು ಬುಡವಾಗಿಟ್ಟುಕೊಂಡು ವರ್ಷಕ್ಕೆ ಶೇ 14ರಷ್ಟು ಬೆಳವಣಿಗೆ ಕಡಿಮೆಯಾದರೆ ಐದು ವರ್ಷ ಕೇಂದ್ರ ತುಂಬಿಕೊಡಬೇಕು ಎಂದಾಯಿತು. 2016ರಲ್ಲಿ ಸಂವಿಧಾನಕ್ಕೆ 101ನೇ ತಿದ್ದುಪಡಿ ಬಂತು. 2017ರ ಮೇ ತಿಂಗಳಲ್ಲಿ ಶ್ರೀನಗರದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಎರಡೇ ದಿನದಲ್ಲಿ 1,200ಕ್ಕೂ ಹೆಚ್ಚು ಸರಕುಗಳನ್ನು 5, 12, 18, 28ರ ಕಂಬಗಳಿಗೆ ಕಟ್ಟಿ ಹಾಕಿತು. ಅಂದು ಅವಸರದಲ್ಲಿ ಕಟ್ಟಿದ ಗಂಟುಗಳನ್ನು ಬಿಡಿಸುವುದೇ ಮುಂದಿನ ಎಂಟು ವರ್ಷದ ಕೆಲಸವಾಯಿತು.

ಒಂದು ಮರ, ನಾಲ್ಕು ದರ

ಹಾಗೆ ಕಟ್ಟಿದವುಗಳಲ್ಲಿ ಹುಣಸೆ ಒಂದು. ಮಳೆ ಕೈಕೊಟ್ಟ ವರ್ಷವೂ ಕೈಬಿಡದ ಮರ ಅದು. ಬದುವಿನ ಮೇಲೆ, ರಸ್ತೆ ಬದಿಯಲ್ಲಿ, ಕೆರೆ ಏರಿಯ ಕೆಳಗೆ ನಿಂತು ಯಾರ ಆರೈಕೆಯೂ ಇಲ್ಲದೆ ಕಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಬೇರೆ ಕೂಲಿ ಇಲ್ಲದಾಗ ಹಣ್ಣು ಬಡಿಯುವುದು, ಸಿಪ್ಪೆ ತೆಗೆಯುವುದು, ಕುಟ್ಟಿ ಬೀಜ ಬಿಡಿಸುವುದು ಹಳ್ಳಿಯ ಹೆಂಗಸರಿಗೆ ಕೆಲಸ ಕೊಡುತ್ತದೆ. ಅಲ್ಲಿಂದ ಹೊರಟ ಮಾಲು ತುಮಕೂರಿನ ಎಪಿಎಂಸಿ ಯಾರ್ಡ್ ಸೇರುತ್ತದೆ. ರಾಜ್ಯದ ಹೆಸರಾಂತ ಹುಣಸೆ ಮಾರುಕಟ್ಟೆ ಅದು.

ಶ್ರೀನಗರದಲ್ಲಿ ಒಣ ಹುಣಸೆಗೆ ಗೊತ್ತಾದ ದರ ಶೇ 12. ಹಸಿ ಹಣ್ಣಿಗೆ ತೆರಿಗೆ ಇಲ್ಲ, ಒಣಗಿಸಿದ ಹಣ್ಣು ಸಂಸ್ಕರಿಸಿದ ಸರಕು ಎಂಬ ತರ್ಕ. ಒಣಗಿಸುವ ಯಂತ್ರದ ಹೆಸರು ಸೂರ್ಯ ಎಂಬುದು ದರಪಟ್ಟಿಗೆ ಗೊತ್ತಾಗಲಿಲ್ಲ. ಸುತ್ತಮುತ್ತ ಬೆಳೆಯುವವರ, ಮಾರುವವರ, ಹೋಟೆಲಿನವರ ದೂರುಗಳು ಎರಡೇ ತಿಂಗಳಲ್ಲಿ ಮಂಡಳಿಯ ಮೇಜು ತಲುಪಿದವು. ಆಗ ಮಂಡಳಿಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುತ್ತಿದ್ದವರು ಕೃಷಿ ಸಚಿವ ಕೃಷ್ಣ ಬೈರೇಗೌಡ. 2017ರ ಸೆಪ್ಟೆಂಬರ್ 9ರಂದು ಹೈದರಾಬಾದಿನಲ್ಲಿ ನಡೆದ 21ನೇ ಸಭೆ ಒಣ ಹುಣಸೆಯನ್ನು ಶೇ 12ರಿಂದ 5ಕ್ಕೆ ಇಳಿಸಿತು. ಹುರಿಗಡಲೆಯೂ ಅದೇ ಸಭೆಯಲ್ಲಿ 12ರಿಂದ 5ಕ್ಕೆ ಬಂತು, ದೋಸೆ–ಇಡ್ಲಿ ಹಿಟ್ಟು 12ಕ್ಕೆ ಇಳಿದು, ನವೆಂಬರಿನ ಗುವಾಹಟಿ ಸಭೆಯಲ್ಲಿ ಮತ್ತೆ 5ಕ್ಕೆ ಇಳಿಯಿತು. ದಕ್ಷಿಣದ ಅಡುಗೆಮನೆ ದೆಹಲಿಯ ದರಪಟ್ಟಿಯನ್ನು ತಿದ್ದಿದ ಕಾಲ ಅದು.

ಆದರೆ ಹುಣಸೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೀಜ ಒಡೆದು ಮಾಡುವ ಪುಡಿ ಬಟ್ಟೆ ಗಿರಣಿಗಳ ಗಂಜಿಗೆ ಬೇಕು. ಅದು ಶೇ 18ರಲ್ಲಿತ್ತು. 2018ರ ಜನವರಿಯ ಸಭೆ ಅದನ್ನು 5ಕ್ಕೆ ತಂದಿತು. 2019ರ ಸೆಪ್ಟೆಂಬರ್ 20ರಂದು ಗೋವಾದಲ್ಲಿ ಸೇರಿದ 37ನೇ ಸಭೆ ಒಣ ಹುಣಸೆಯನ್ನು ಪೂರ್ತಿ ತೆರಿಗೆಮುಕ್ತ ಮಾಡಿತು. ಎಲೆ, ಹೂವು, ತೊಗಟೆಯಿಂದ ಮಾಡಿದ ತಟ್ಟೆ–ದೊನ್ನೆಗಳಿಗೂ ಅಂದೇ ಬಿಡುಗಡೆ. ಮುತ್ತುಗದೆಲೆ ಹಚ್ಚಿ ಮಾರುವವರ ಸರಕು ಶೇ 5ರಿಂದ ಸೊನ್ನೆಗೆ ಇಳಿಯಿತು. ಅಕ್ಟೋಬರ್ 1ರಿಂದ ಎರಡೂ ಜಾರಿ.

ಎರಡು ವರ್ಷ ಕಳೆಯಿತು. 2021ರ ಅಕ್ಟೋಬರ್ 1ರಿಂದ ಹುಣಸೆ ಬೀಜಕ್ಕೆ ಹೊಸ ನಿಯಮ: ಬಿತ್ತನೆಗಾದರೆ ಸೊನ್ನೆ, ಬೇರೆ ಕೆಲಸಕ್ಕಾದರೆ ಶೇ 5. ಅಲ್ಲಿಯವರೆಗೆ ಬೀಜ ಯಾವ ಉಪಯೋಗಕ್ಕೆ ಹೋದರೂ ತೆರಿಗೆ ಇರಲಿಲ್ಲ. ಈಗ ಲೆಕ್ಕ ಹಾಕಿ. ಹಸಿ ಹಣ್ಣು ಸೊನ್ನೆ, ಒಣ ಹಣ್ಣು 12 ಆಗಿ 5 ಆಗಿ ಸೊನ್ನೆ, ಬೀಜ ಉದ್ದೇಶ ನೋಡಿಕೊಂಡು ಸೊನ್ನೆ ಅಥವಾ 5, ಪುಡಿ 18 ಆಗಿ 5. ಹಣ್ಣು ಕುಟ್ಟಿದ ಹೆಂಗಸಿನ ಮುಂದೆ ಎರಡು ಗುಡ್ಡೆ ಬೀಳುತ್ತವೆ. ಒಂದು ಗುಡ್ಡೆಗೆ ತೆರಿಗೆ ಇಲ್ಲ, ಇನ್ನೊಂದಕ್ಕೆ ಇದೆ. ಆಕೆಯೇನೂ ತೆರಿಗೆ ಕಟ್ಟುವುದಿಲ್ಲ, ನಿಜ. ಕಟ್ಟುವುದು ಕೊಳ್ಳುವ ವ್ಯಾಪಾರಿ. ಆತ ತನಗೆ ಬಿದ್ದ ಹೊರೆಯನ್ನು ಕೊಳ್ಳುವ ಬೆಲೆಯಲ್ಲಿ ಹಿಡಿದುಕೊಂಡರೆ ಆಕೆಗೆ ತಿಳಿಯುವ ದಾರಿಯೂ ಇಲ್ಲ.

ಬಿಸಿಲಿಗೂ ದರ ಬಿತ್ತು

ಪಾವಗಡದಲ್ಲಿ ಇದೇ ವಾದ ಸಾವಿರಾರು ಕೋಟಿಯ ಲೆಕ್ಕದಲ್ಲಿ ನಡೆಯಿತು. ನಾಗಲಮಡಿಕೆ ಹೋಬಳಿಯ ತಿರುಮಣಿ ಮತ್ತು ಸುತ್ತಲ ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಎದ್ದಿತು. ಶೇಂಗಾ ಬಿತ್ತಿ ಮುಗಿಲು ನೋಡುತ್ತಿದ್ದ ರೈತರು ಭೂಮಿ ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆಯೊಂದಿಗೆ ಗುತ್ತಿಗೆ ಕೊಟ್ಟರು. 2018ರ ಮಾರ್ಚ್ 1ರಂದು ‘ಶಕ್ತಿಸ್ಥಳ’ ಉದ್ಘಾಟನೆಯಾಯಿತು. 2019ರ ಕೊನೆಗೆ ಪೂರ್ತಿ ಸಾಮರ್ಥ್ಯ ಬಂತು.

ತೊಡಕು ಕಾಲದ್ದು. ಇಲ್ಲಿನ ಮೊದಲ ಹರಾಜುಗಳು ಜಿಎಸ್‌ಟಿಗೆ ಮುಂಚೆ, 2016ರಲ್ಲಿ ನಡೆದಿದ್ದವು, ಯೂನಿಟ್‌ಗೆ 4.80 ರೂಪಾಯಿಯ ಆಸುಪಾಸಿನ ದರಕ್ಕೆ ಕಂಪನಿಗಳು ಇಪ್ಪತ್ತೈದು ವರ್ಷದ ಕರಾರು ಮಾಡಿಕೊಂಡಿದ್ದವು. ನಡುವೆ ಹೊಸ ತೆರಿಗೆ ಬಂತು. ಫಲಕಕ್ಕೆ ಶೇ 5 ಸರಿ, ಆದರೆ ಕಂಬ ನೆಡುವ, ತಂತಿ ಎಳೆಯುವ, ಜೋಡಿಸುವ ಗುತ್ತಿಗೆಗೆ ಎಷ್ಟು? ಒಟ್ಟು ಕೆಲಸವೇ ಕಟ್ಟಡ ಗುತ್ತಿಗೆ, ಶೇ 18 ಕಟ್ಟಿ ಎಂದು ತೆರಿಗೆ ಪ್ರಾಧಿಕಾರಗಳು ಹೇಳತೊಡಗಿದವು. ಹೆಚ್ಚಾದ ಹೊರೆಯನ್ನು ಕರಾರಿನ ‘ಕಾನೂನು ಬದಲಾವಣೆ’ ಷರತ್ತಿನಡಿ ತುಂಬಿಕೊಡಬೇಕು ಎಂದು ದೇಶದ ಹಲವೆಡೆ ಸೌರ ಕಂಪನಿಗಳು ವಿದ್ಯುತ್ ಆಯೋಗಗಳ ಬಾಗಿಲು ತಟ್ಟಿದವು. 2018ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಜಿಎಸ್‌ಟಿಯನ್ನು ಅಂಥ ಬದಲಾವಣೆಯೆಂದು ಒಪ್ಪಿತು. ಡಿಸೆಂಬರಿನಲ್ಲಿ ಮಂಡಳಿ ನಡುದಾರಿ ಹಿಡಿಯಿತು: ಗುತ್ತಿಗೆಯ ಮೌಲ್ಯದಲ್ಲಿ ಶೇ 70 ಸರಕು, ಶೇ 30 ಸೇವೆ ಎಂದು ಭಾವಿಸತಕ್ಕದ್ದು. ಹಾಗೆ ಒಟ್ಟು ಹೊರೆ ಶೇ 8.9 ಆಯಿತು.

2021ರ ಸೆಪ್ಟೆಂಬರಿನಲ್ಲಿ ಲಖನೌ ಸಭೆ ಫಲಕದ ದರವನ್ನು 12ಕ್ಕೆ ಏರಿಸಿದಾಗ ಒಟ್ಟು ಹೊರೆ ಶೇ 13.8ಕ್ಕೆ ಜಿಗಿಯಿತು. 2022ರ ಏಪ್ರಿಲಿನಿಂದ ಆಮದು ಫಲಕಕ್ಕೆ ಶೇ 40ರ ಸುಂಕವೂ ಸೇರಿಕೊಂಡಿತು. ಮತ್ತೆ 5ಕ್ಕೆ ಮರಳಿದ್ದು 2025ರ ಸೆಪ್ಟೆಂಬರಿನಲ್ಲಿ. ಸೌರಶಕ್ತಿ ಅಗ್ಗವಾಗಲಿ ಎನ್ನುವ ಸರ್ಕಾರವೂ, ಅದರ ಮೇಲೆ ತೆರಿಗೆ ಏರಿಸುವ ಸರ್ಕಾರವೂ ಒಂದೇ ಆಗಿತ್ತು ಎಂಬುದು ಈ ನಾಲ್ಕು ವರ್ಷದ ವಿಚಿತ್ರ. ಹುಣಸೆ ಕುಟ್ಟುವವರಿಗೂ ಸೌರ ಕಂಪನಿಗೂ ವ್ಯತ್ಯಾಸವಿಷ್ಟೇ: ಕಂಪನಿಗೆ ತನ್ನ ನಷ್ಟ ಕೇಳಲು ಒಂದು ಆಯೋಗವಿತ್ತು, ಕರಾರಿನಲ್ಲಿ ಒಂದು ಷರತ್ತಿತ್ತು.

ರಾಜ್ಯದಿಂದ ದೇಶಕ್ಕೆ ಹೋದ ಚೀಟಿ

ಚೆಕ್‌ಪೋಸ್ಟ್ ಹೋದ ಮೇಲೆ ಸರಕಿನ ಮೇಲೆ ಕಣ್ಣಿಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹೋದದ್ದು ಕರ್ನಾಟಕದಿಂದಲೇ. ವ್ಯಾಟ್ ಕಾಲದಲ್ಲೇ ಇಲ್ಲಿನ ವಾಣಿಜ್ಯ ತೆರಿಗೆ ಇಲಾಖೆ ‘ಇ-ಸುಗಮ’ ಎಂಬ ವ್ಯವಸ್ಥೆ ತಂದಿತ್ತು. ಲಾರಿ ಹೊರಡುವ ಮುನ್ನ ವರ್ತಕ ತಾನೇ ಗಣಕಯಂತ್ರದಲ್ಲಿ ವಿವರ ತುಂಬಿ ಸಂಖ್ಯೆ ಪಡೆಯುತ್ತಿದ್ದ. ಜಿಎಸ್‌ಟಿಯ ಇ-ವೇ ಬಿಲ್ ಅದರ ಮುಂದಿನ ರೂಪ. 2017ರ ಸೆಪ್ಟೆಂಬರಿನಲ್ಲಿ ಅದರ ಪ್ರಯೋಗ ಶುರುವಾದದ್ದು ಇಲ್ಲಿ. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ದೇಶವೆಲ್ಲ ಅದನ್ನು ಒಪ್ಪಿಕೊಂಡಾಗ, ರಾಜ್ಯದೊಳಗಿನ ಸಾಗಣೆಗೂ ಅಂದೇ ಜಾರಿ ಮಾಡಿದ ಏಕೈಕ ರಾಜ್ಯ ಕರ್ನಾಟಕ. 50,000 ರೂಪಾಯಿ ಮೀರಿದ ಸರಕಿಗೆ ಚೀಟಿ ಬೇಕು. ಮಧುಗಿರಿಯಿಂದ ಆಂಧ್ರದ ನೆಲ ಹಾದು ಪಾವಗಡಕ್ಕೆ ಹೋಗುವ ಲಾರಿಗೂ ವಿನಾಯಿತಿ ಇಲ್ಲ. ಕಾಯುವುದು ತಪ್ಪಿತು, ಹಾಳೆ ಉಳಿಯಿತು. ಅದನ್ನು ತುಂಬಲು ಒಬ್ಬ ಆಡಿಟರ್ ಬೇಕಾದ.

25 ಕೆ.ಜಿ.ಯ ಗೆರೆ

ಮೊದಲ ವರ್ಷಗಳಲ್ಲಿ ಅಕ್ಕಿ, ರಾಗಿ ಹಿಟ್ಟು, ಮಂಡಕ್ಕಿಗೆ ಹಾಕಿದ ಗೆರೆ ಬ್ರ್ಯಾಂಡಿನದು: ನೋಂದಾಯಿತ ಬ್ರ್ಯಾಂಡ್ ಇದ್ದರೆ ಶೇ 5, ಇಲ್ಲದಿದ್ದರೆ ಸೊನ್ನೆ. ಎಷ್ಟೋ ಮಿಲ್ಲುಗಳು ಬ್ರ್ಯಾಂಡಿನ ಹಕ್ಕನ್ನೇ ಬಿಟ್ಟುಕೊಟ್ಟು ತೆರಿಗೆ ಉಳಿಸಿಕೊಂಡವು. ದರಗಳನ್ನು ಮರುಪರಿಶೀಲಿಸಲು 2021ರಲ್ಲಿ ಸಚಿವರ ತಂಡವೊಂದು ರಚನೆಯಾಯಿತು. ಅದರ ಮುಖ್ಯಸ್ಥರು ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಆ ತಂಡದ ಶಿಫಾರಸಿನ ಮೇಲೆ 2022ರ ಜೂನ್ ಕೊನೆಯಲ್ಲಿ ಚಂಡೀಗಢದ 47ನೇ ಸಭೆ ಬ್ರ್ಯಾಂಡಿನ ಗೆರೆ ಅಳಿಸಿ ಪೊಟ್ಟಣದ ಗೆರೆ ಎಳೆಯಿತು. ಜುಲೈ 18ರಿಂದ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಹಿಟ್ಟು, ಬೆಲ್ಲ, ಮಂಡಕ್ಕಿ, ಮೊಸರು, ಮಜ್ಜಿಗೆಗೆ ಶೇ 5. ಧಾನ್ಯದ ಚೀಲ 25 ಕೆ.ಜಿ. ಮೀರಿದರೆ ತೆರಿಗೆ ಇಲ್ಲ. ಕೆಲವೇ ದಿನದಲ್ಲಿ 26 ಕೆ.ಜಿ. ಅಕ್ಕಿ ಚೀಲ ಅಂಗಡಿಗೆ ಬಂತು.

ಕರ್ನಾಟಕದಲ್ಲಿ ಗಲಾಟೆ ಎದ್ದದ್ದು ಮೊಸರಿಗೆ. ಕೆಎಂಎಫ್ 10 ರೂಪಾಯಿಯ 200 ಗ್ರಾಂ ನಂದಿನಿ ಮೊಸರಿಗೆ 12 ರೂಪಾಯಿ ಇಟ್ಟಿತು. ಶೇ 5ರ ತೆರಿಗೆಗೆ ಶೇ 20ರ ಏರಿಕೆ ಯಾವ ಲೆಕ್ಕ ಎಂದು ಜನ ಕೇಳಿದ ಮೇಲೆ 10.50ಕ್ಕೆ ಇಳಿಸಿತು. ಕೊಂಡವನ ಬಾಯಿಲೆಕ್ಕ ಇಲಾಖೆಯ ಲೆಕ್ಕಕ್ಕಿಂತ ಚುರುಕಾಗಿತ್ತು. ಒಣ ಸೀಮೆಯ ಇನ್ನೊಂದು ಬೆಳೆಗೂ ಈ ಗೆರೆ ತಾಕಿತು: ಶೇ 70ಕ್ಕೆ ಕಡಿಮೆಯಿಲ್ಲದಂತೆ ಸಿರಿಧಾನ್ಯವಿರುವ ಮಿಶ್ರ ಹಿಟ್ಟನ್ನು ಬಿಡಿಯಾಗಿ ಮಾರಿದರೆ ಸೊನ್ನೆ, ಪೊಟ್ಟಣದಲ್ಲಾದರೆ 5 ಎಂದು 2023ರ ಅಕ್ಟೋಬರಿನಲ್ಲಿ ತೀರ್ಮಾನವಾಯಿತು.

ಅದೇ 2022ರ ಜೂನ್ 30ಕ್ಕೆ ಪರಿಹಾರದ ಖಾತರಿ ಮುಗಿಯಿತು. ಕೋವಿಡ್ ವರ್ಷಗಳಲ್ಲಿ, ಪರಿಹಾರಕ್ಕೆಂದು ಹಾಕಿದ ಸೆಸ್ ಸಾಲದೆ ಕೇಂದ್ರ ಸಾಲ ಎತ್ತಿ ರಾಜ್ಯಗಳಿಗೆ ಕೊಟ್ಟಿತ್ತು. ಜಿಎಸ್‌ಟಿ ಸಂಗ್ರಹದಲ್ಲಿ ಮಹಾರಾಷ್ಟ್ರದ ನಂತರ ಎರಡನೇ ಸಾಲಿನಲ್ಲಿರುವ ಕರ್ನಾಟಕಕ್ಕೆ ಇನ್ನೊಂದು ಕಡೆಯಿಂದಲೂ ಪೆಟ್ಟು ಬಿದ್ದಿತ್ತು. ಕೇಂದ್ರ ತೆರಿಗೆಯಲ್ಲಿ ಅದರ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಕುಸಿದಿತ್ತು. 2024ರ ಫೆಬ್ರುವರಿ 7ರಂದು ರಾಜ್ಯದ ಮಂತ್ರಿಮಂಡಲವೇ ದೆಹಲಿಯ ಜಂತರ್ ಮಂತರ್‌ನಲ್ಲಿ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಕೂತಿತು.

ಅರ್ಥಶಾಸ್ತ್ರಜ್ಞರಲ್ಲೂ ಒಮ್ಮತವಿಲ್ಲ. ದರಗಳು ಬಹಳವಾದದ್ದೇ ರೋಗ, ತಳ ಅಗಲ ಮಾಡಿ ದರ ಕಡಿಮೆ ಮಾಡಿ ಎನ್ನುವುದು ಎಂ. ಗೋವಿಂದ ರಾವ್ ಅವರಂಥವರ ನಿಲುವು. ಚುನಾವಣೆ ನೋಡಿಕೊಂಡು ಮೇಲಿನ ದರ ಕತ್ತರಿಸಿದ್ದರಿಂದಲೇ ರಾಜ್ಯಗಳು ಬಡವಾದವು ಎನ್ನುವುದು ಕೇರಳದ ಥಾಮಸ್ ಐಸಾಕ್ ಅವರಂಥವರ ವಾದ. ಶುರುವಿನಲ್ಲಿ ಶೇ 14.4 ಇದ್ದ ಸರಾಸರಿ ದರ 2019ಕ್ಕೆ 11.6ಕ್ಕೆ ಇಳಿದಿತ್ತು ಎಂಬ ರಿಸರ್ವ್ ಬ್ಯಾಂಕಿನ ಅಂದಾಜನ್ನು ಎರಡೂ ಕಡೆಯವರು ತಮ್ಮ ಸಾಕ್ಷಿಯಾಗಿ ಬಳಸಬಹುದು. ಮಂಡಳಿಯ ಮಾತು ಶಿಫಾರಸು ಮಾತ್ರ, ಶಾಸನಸಭೆಗಳ ಕೈ ಕಟ್ಟುವಂಥದ್ದಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ಹೇಳಿತು. ಹೇಳಿದ ಮೇಲೂ ಬೇರೆ ದರ ಇಟ್ಟು ನೋಡುವ ಧೈರ್ಯ ರಾಜ್ಯಗಳಿಗೆ ಬರಲಿಲ್ಲ.

ಫೋನು ಹೇಳಿದ ಲೆಕ್ಕ

2025ರ ಜುಲೈನಲ್ಲಿ ವಾದ ಬೀದಿಗೆ ಮರಳಿತು. ನೋಟು ರದ್ದತಿಯ ನಂತರ ಬೆಳೆದ ಯುಪಿಐ ಪಾವತಿ, 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವೇ ಇಲ್ಲ ಎಂದಾದ ಮೇಲೆ ಎಳನೀರು ಗಾಡಿಯವರೆಗೂ ಹೋಗಿತ್ತು. ನಗದಿಗೆ ನೆನಪಿಲ್ಲ, ಯುಪಿಐಗೆ ಇದೆ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಆಚೆಗಿನ ಪಾವತಿಗಳ ವಿವರ ತರಿಸಿಕೊಂಡು, ವರ್ಷಕ್ಕೆ ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ಮೀರಿದರೂ ನೋಂದಣಿ ಮಾಡಿಸದ ಸಾವಿರಾರು ಮಂದಿಗೆ ನೋಟಿಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಮಾರುವವರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ಬೇಡಿಕೆ ಬಂದದ್ದು ರಾಜ್ಯದ ಮಾತಾಯಿತು. ತರಕಾರಿಗೆ ತೆರಿಗೆಯೇ ಇಲ್ಲ. ಆದರೆ ಫೋನಿಗೆ ಬಂದ ದುಡ್ಡು ತರಕಾರಿಯದೋ ಬೇರೆಯದೋ ಎಂದು ಫೋನು ಹೇಳುವುದಿಲ್ಲ.

ಬೆಂಗಳೂರಿನ ಅಂಗಡಿಗಳಲ್ಲಿ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಅಂಟಿದವು. ನೋಟಿಸು ಕೊಟ್ಟದ್ದು ರಾಜ್ಯ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ, ಕಾನೂನು ಕೇಂದ್ರದ್ದು ಎಂದು ರಾಜ್ಯದ ಮಂತ್ರಿಗಳು ಪರಸ್ಪರ ಬೆರಳು ತೋರಿಸಿದರು. ಎರಡೂ ನಿಜವಾಗಿತ್ತು. ಜುಲೈ 25ಕ್ಕೆ ಬಂದ್ ಗೊತ್ತಾಗಿತ್ತು. ಎರಡು ದಿನ ಮುಂಚೆ ಸಿದ್ದರಾಮಯ್ಯ ವರ್ತಕರನ್ನು ಕರೆಸಿ ಕೂತರು. ವಿನಾಯಿತಿಯ ಸರಕು ಮಾರುವವರಿಂದ ವಸೂಲಿ ಇಲ್ಲ, ನೋಂದಣಿ ಮಾಡಿಸಿಕೊಂಡವರ ಹಳೆಯ ಬಾಕಿ ಕೇಳುವುದಿಲ್ಲ ಎಂಬ ಭರವಸೆ ಸಿಕ್ಕಿ ಬಂದ್ ನಿಂತಿತು.

ಮರುತಿಂಗಳು ಸ್ವಾತಂತ್ರ್ಯ ದಿನದಂದು ಪ್ರಧಾನಿ ಕೆಂಪುಕೋಟೆಯಿಂದ ದರ ಕಡಿತ ಸಾರಿದರು. ಸೆಪ್ಟೆಂಬರ್ 3ರ 56ನೇ ಸಭೆ 12 ಮತ್ತು 28ರ ಕಂಬಗಳನ್ನೇ ಕಿತ್ತು 5, 18, 40 ಎಂದು ನಿಲ್ಲಿಸಿತು. ಸೆಪ್ಟೆಂಬರ್ 22ರಿಂದ ಜಾರಿ. ಟ್ರ್ಯಾಕ್ಟರ್, ಹನಿ ನೀರಾವರಿ, ಸೌರ ಫಲಕ, ತುಪ್ಪ ಎಲ್ಲವೂ 12ರಿಂದ 5ಕ್ಕೆ. ಆದಾಯ ನಷ್ಟ 48,000 ಕೋಟಿ ಎಂದು ಕೇಂದ್ರದ ಅಂದಾಜು. ಅದು ಹಲವು ಪಟ್ಟು ಎಂದು ಕರ್ನಾಟಕವೂ ಸೇರಿ ಎಂಟು ರಾಜ್ಯಗಳ ಆಕ್ಷೇಪ. ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಇಳಿಯಿತು. ನವೆಂಬರಿನಲ್ಲಿ ಕೆಎಂಎಫ್ ಅದನ್ನು 700ಕ್ಕೆ ಏರಿಸಿತು. ತೆರಿಗೆ ಕೊಟ್ಟದ್ದನ್ನು ಮಾರುಕಟ್ಟೆ ವಾಪಸು ತೆಗೆದುಕೊಳ್ಳಲು ಎರಡು ತಿಂಗಳೂ ಬೇಕಾಗಲಿಲ್ಲ.

ತಪ್ಪಿಗೂ ತಿದ್ದುಪಡಿಗೂ ನಡುವೆ

ಈ ಎಂಟು ವರ್ಷದ ಪಟ್ಟಿಯನ್ನು ಒಟ್ಟಿಗೆ ನೋಡಿದರೆ ಜಿಎಸ್‌ಟಿ ತನ್ನನ್ನು ತಿದ್ದಿಕೊಳ್ಳುತ್ತದೆ ಎಂಬುದನ್ನು ಒಪ್ಪಲೇಬೇಕು. ಹಳೆಯ ಸಾಯಿರ್ ಬಾಬುಗಳಿಗೆ ಆ ಗುಣ ಇರಲಿಲ್ಲ; ಕುದುರೆ ಸತ್ತು ಎಷ್ಟೋ ತಲೆಮಾರು ಕಳೆದರೂ ಅದರ ತೆರಿಗೆ ಬದುಕಿತ್ತು. ಆದರೆ ತಿದ್ದುಪಡಿಗೆ ತಗುಲಿದ ಕಾಲ ನೋಡಿ. ಯುಪಿಐ ನೋಟಿಸಿನ ಬಿಸಿ ಎರಡು ಮೂರು ವಾರದಲ್ಲಿ ಆರಿತು. ಮೊಸರಿನ ಬೆಲೆ ತಕ್ಷಣ ಇಳಿಯಿತು. ಸೌರ ಫಲಕಕ್ಕೆ ನಾಲ್ಕು ವರ್ಷ ಹಿಡಿದರೂ ಕಂಪನಿಗಳು ನಷ್ಟ ಕೇಳಲು ಆಯೋಗವಿತ್ತು. ಒಣ ಹುಣಸೆ ಸೊನ್ನೆಗೆ ಬರಲು ಎರಡು ವರ್ಷ ಮೂರು ತಿಂಗಳು ಬೇಕಾಯಿತು. ನಡುವೆ ಹೋದ ಎರಡು ಸುಗ್ಗಿಗಳನ್ನು ಯಾರೂ ತುಂಬಿಕೊಡಲಿಲ್ಲ. ಬೆಂಗಳೂರಿನ ಬೇಕರಿಯವರು ಷಟರ್ ಎಳೆಯಬಲ್ಲರು. ಹುಣಸೆ ಮರ ಬಡಿಯುವವರು ಕೆಲಸ ನಿಲ್ಲಿಸಿದರೆ ವಿಧಾನಸೌಧಕ್ಕೆ ಸುದ್ದಿ ಮುಟ್ಟುವುದಿಲ್ಲ.

ಮಂಡಳಿಯಲ್ಲಿ ಮೂರರಲ್ಲಿ ಒಂದು ಪಾಲು ಮತ ಕೇಂದ್ರದ್ದು, ಉಳಿದ ಎರಡು ಪಾಲು ಎಲ್ಲ ರಾಜ್ಯಗಳಿಗೂ ಸೇರಿ; ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಕೇಂದ್ರ ಒಪ್ಪದೆ ಏನೂ ಆಗದು, ಒಂದು ರಾಜ್ಯ ಒಬ್ಬಂಟಿಯಾಗಿ ಏನನ್ನೂ ಮಾಡಿಸಲಾರದು. ಮೊದಲು ಮಾರಾಟ ತೆರಿಗೆ ಹೆಚ್ಚಾಯಿತೆಂದು ಮಧುಗಿರಿಯ ವ್ಯಾಪಾರಿ ತನ್ನ ಶಾಸಕನನ್ನು ಹಿಡಿದು ಕೇಳಬಹುದಿತ್ತು. ಶಾಸಕ ಬಜೆಟ್ ಅಧಿವೇಶನದಲ್ಲಿ ಎದ್ದು ನಿಲ್ಲಬಹುದಿತ್ತು. ಆ ಹತ್ತಿರದ ಬಾಗಿಲು ಈಗ ಮುಚ್ಚಿದೆ. ರಸ್ತೆಯ ಗೇಟು ತೆರೆದದ್ದಕ್ಕೆ ಈ ಸೀಮೆ ತೆತ್ತ ಬೆಲೆ ಅದು. ಲಾರಿ ಬೇಗ ಹೋಗುತ್ತದೆ, ದೂರು ನಿಧಾನವಾಗಿ ಹೋಗುತ್ತದೆ. ಮುಂದಿನ ಸುಧಾರಣೆ ಯಾವುದೇ ಬರಲಿ, ದರದ ಕಂಬಗಳು ಎಷ್ಟಿವೆ ಎಂಬುದರ ಜೊತೆಗೆ, ತಪ್ಪು ಕಂಬಕ್ಕೆ ಕಟ್ಟಿಸಿಕೊಂಡವರು ಎಷ್ಟು ದಿನದಲ್ಲಿ ಬಿಡಿಸಿಕೊಳ್ಳಬಲ್ಲರು ಎಂಬುದನ್ನೂ ಅಳೆಯಬೇಕಾದದ್ದು ಅದಕ್ಕಾಗಿ.